ನೇರಳೆ ಮರದ ಹಿಂದಿನ ಬೆಟ್ಟ

ನಮ್ಮ ಅತ್ತೆಯ ಹಿಮ್ಮಡಿಗಳು ಎಷ್ಟು ಒಡೆದಿದ್ದವೆಂದರೆ, ಹಾಸಿಗೆಯ ಮೇಲೆ ಅವರು ಕಾಲು ಎಳೆದಾಗ ಚಾದರದ ನೂಲು ಸಿಕ್ಕಿಕೊಂಡು ಚರಚರ ಸದ್ದು ಬರುತ್ತಿತ್ತು. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದರೂ ಅವರ ಮುಖಕ್ಕಿಂತ ಹೆಚ್ಚಾಗಿ ನಾನು ನೋಡಿದ್ದು ಆ ಹಿಮ್ಮಡಿಗಳನ್ನೇ. ಬೆಳಿಗ್ಗೆ ಕಾರ್ಖಾನೆಗೆ ಹೊರಡುವ ಗಡಿಬಿಡಿಯಲ್ಲಿ ನಾನು ಅಡುಗೆಮನೆಗೂ ನಡುಮನೆಗೂ ಓಡಾಡುತ್ತಿದ್ದರೆ, ಅವರು ಬಾಲ್ಕನಿಯಲ್ಲಿ ನನಗೆ ಬೆನ್ನು ಹಾಕಿ, ಬಲಗೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದು ನಿಂತಿರುತ್ತಿದ್ದರು. ತಲೆಯ ಮೇಲೆ ಸೆರಗು, ಹಣೆಯಲ್ಲಿ ಹಸಿ ವಿಭೂತಿಯ ಮೂರು ಪಟ್ಟೆ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಅವರು ನೋಡುತ್ತಿದ್ದುದು ಶಿವಗಂಗೆ ಬೆಟ್ಟವನ್ನು. ಅದು ಕಾಣುವವರೆಗೆ ಲಿಂಗಪೂಜೆ ಇಲ್ಲ, ಪೂಜೆ ಮುಗಿಯುವವರೆಗೆ ಬಾಯಿಗೆ ಒಂದು ತೊಟ್ಟು ನೀರೂ ಇಲ್ಲ.

ಮಾಕಳಿಯ ಈ ಮನೆಯನ್ನು ಆರಿಸಿದ್ದೇ ಅವರು. ನನ್ನ ಗಂಡನ ಕೆಲಸ ದಾಬಸ್‌ಪೇಟೆಯಲ್ಲಿ, ನನ್ನದು ಪೀಣ್ಯದಲ್ಲಿ, ಎರಡಕ್ಕೂ ನಡುವೆ ಒಂದು ಮನೆ ಬೇಕಾಗಿತ್ತು. ನೋಡಲು ಬಂದ ದಿನ ಗಂಡ ನಲ್ಲಿ ತಿರುಗಿಸಿ ನೋಡಿದರು, ನಾನು ಅಡುಗೆಮನೆಯ ಕಟ್ಟೆಯ ಎತ್ತರ ನೋಡಿದೆ. ಹಾವೇರಿ ಕಡೆಯಿಂದ ಆಗಷ್ಟೇ ಬಂದಿದ್ದ ಅತ್ತೆ ಚಪ್ಪಲಿ ಬಿಟ್ಟವರೇ ಸೀದಾ ಬಾಲ್ಕನಿಗೆ ಹೋಗಿ, ದೂರದ ನೀಲಿಗೆ ಕೈ ಮುಗಿದರು. ಶಿವಗಂಗೆಯನ್ನು ಪೂರ್ವದ ಕಡೆಯಿಂದ ನೋಡಿದರೆ ಕಾಲು ಮಡಿಸಿ ಕೂತ ನಂದಿಯ ಹಾಗೆ ಕಾಣುತ್ತದೆ. "ಬಸವಣ್ಣ ಕುಂತಾನ ನೋಡು, ನನ್ನ ಕಡೀಗೇ ಮಾರಿ ಮಾಡಿ ಕುಂತಾನ. ಇದ ಮನಿ ಇರಲಿ," ಎಂದರು. ಎರಡನೆಯ ಮಹಡಿಗೆ ಲಿಫ್ಟ್ ಇಲ್ಲ, ಬೇಸಿಗೆಯಲ್ಲಿ ನೀರು ಸಾಲದು ಎಂದೆಲ್ಲ ನಾನು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಆ ಬೆಟ್ಟಕ್ಕೂ ಅತ್ತೆಗೂ ಇದ್ದ ನಂಟು ಬರೀ ಭಕ್ತಿಯದಲ್ಲ. ಅದರಲ್ಲಿ ಸ್ವಲ್ಪ ಜಗಳವೂ ಇತ್ತು, ಆ ಜಗಳಕ್ಕೆ ನಾನೇ ಕಾರಣ. ಮದುವೆಯಾದ ಹೊಸತರಲ್ಲಿ ಮೂವರೂ ಶಿವಗಂಗೆ ಹತ್ತಿದ್ದೆವು. ಅಲ್ಲಿ ಒಳಕಲ್ಲು ತೀರ್ಥ ಎಂಬುದೊಂದಿದೆ. ಬಂಡೆಯ ತೂತಿನೊಳಗೆ ಕೈ ಇಳಿಬಿಟ್ಟರೆ ಪುಣ್ಯವಿದ್ದವರ ಬೆರಳಿಗೆ ನೀರು ಸಿಗುತ್ತದೆ, ಇಲ್ಲದವರಿಗೆ ಸಿಗುವುದಿಲ್ಲ ಎಂದು ನಂಬಿಕೆ. ಅತ್ತೆ ನೆಲಕ್ಕೆ ಮಲಗಿ ಭುಜದವರೆಗೆ ಕೈ ಇಳಿಸಿದರು. ಎಷ್ಟು ತಡಕಾಡಿದರೂ ಕೈ ಒಣಗಿದ್ದು ಒಣಗಿದಂತೆಯೇ ಮೇಲೆ ಬಂತು. ಆಮೇಲೆ ನಾನು ಇಳಿಸಿದೆ. ಮೊಣಕೈ ಹೋಗುವಷ್ಟರಲ್ಲಿ ಬೆರಳುಗಳಿಗೆ ತಣ್ಣಗೆ ತಾಗಿತು. ಸುತ್ತ ನಿಂತವರು "ಸಿಕ್ತು, ಸಿಕ್ತು" ಎಂದು ಖುಷಿಪಟ್ಟರು. ನಾನೂ ಇಪ್ಪತ್ತಮೂರರ ಹುಡುಗಿ, ಒದ್ದೆ ಕೈಯನ್ನು ಎತ್ತಿ ಎಲ್ಲರಿಗೂ ತೋರಿಸಿದೆ. ಅತ್ತೆಗೂ ತೋರಿಸಿದೆ. ಅದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ.

ಮಾಕಳಿಗೆ ಬಂದ ಮೇಲೆ ದಿನಾ ಬೆಟ್ಟ ನೋಡಿಯೇ ಉಣ್ಣುವ ವ್ರತ ಹಿಡಿದರು. ಮಂಡಿ ಹೋಗಿದ್ದರಿಂದ ಮತ್ತೆ ಬೆಟ್ಟ ಹತ್ತುವ ಮಾತಿರಲಿಲ್ಲ. "ನಾ ಹೋಗಾಕ ಆಗಂಗಿಲ್ಲ. ಇಲ್ಲಿಂದ ನೋಡಿ ನೋಡಿ ಅವನ ಮನಸ್ಸ ಕರಗಸ್ತೀನಿ," ಎನ್ನುತ್ತಿದ್ದರು. ವ್ರತಕ್ಕೆ ಅವರದೇ ಕಾನೂನು. ಸ್ನಾನವಾದ ಮೇಲೆ ಪೂಜೆ ಮುಗಿಯುವವರೆಗೆ ಹೊಸ್ತಿಲು ದಾಟುವಂತಿಲ್ಲ, ಆದ್ದರಿಂದ ತಾರಸಿಗೆ ಹೋಗಿ ನೋಡುವಂತಿಲ್ಲ. ಮೋಡವಿದ್ದ ದಿನ ವಿನಾಯಿತಿ ಇತ್ತು, ಮೋಡ ಶಿವನದಂತೆ.

ಅವರ ಬಾಯಿಯ ಬಗ್ಗೆ ಹೇಳದೆ ಇದ್ದರೆ ಈ ಚಿತ್ರ ಸುಳ್ಳಾಗುತ್ತದೆ. ನಾನು ತುಮಕೂರಿನವಳು. ನಮ್ಮ ಕಡೆಯ ತಿಳಿಸಾರಿಗೆ ಅವರು ಇಟ್ಟ ಹೆಸರು "ಕೈ ತೊಳದ ನೀರು". ನಾನು "ಬರ್ತೀನಿ ಕಣತ್ತೆ" ಎಂದರೆ, "ಕಣ ಎಲ್ಲೈತಿ, ರಾಶಿ ಎಲ್ಲೈತಿ?" ಎಂದು ಅಣಕಿಸುತ್ತಿದ್ದರು. ಬಂದವರ ಮುಂದೆ ನನ್ನನ್ನು ತೋರಿಸಿ, "ನಮ್ಮ ಹುಡುಗಗ ಸಾಡೇಸಾತಿ ನಡದಿತ್ತು, ಆವಾಗ ಮದುವಿ ಆತು" ಎಂದು ನಗುತ್ತಿದ್ದರು. ನನ್ನ ಬಸಿರು ನಾಲ್ಕನೆಯ ತಿಂಗಳಲ್ಲಿ ಇಳಿದುಹೋಗಿ ನಾನು ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಅವರು ಬಾಲ್ಕನಿಯಿಂದ ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದರು: "ನೀರು ಕೊಟ್ಟ ಶಿವ ಕೂಸು ಕೊಡಲಿಲ್ಲ ನೋಡು."

ಆಮೇಲೆ ಇಪ್ಪತ್ತೊಂದು ದಿನ ನನಗೆ ಒಂದು ಚೊಂಬು ಎತ್ತಲೂ ಬಿಡಲಿಲ್ಲ. ಬಿಸಿ ಎಣ್ಣೆ ಹಚ್ಚಿ ಸೊಂಟ ತಿಕ್ಕಿದರು, ತಾವೇ ನೀರು ಹಾಕಿ ತಲೆ ಒರೆಸಿದರು, ಬಾಣಂತಿಯರಿಗೆ ಕೊಡುವ ಅಳವಿ ಬೀಜದ ಪಾಯಸ ಕುಡಿಸಿದರು. ಕೆಲಸ ಬಿಟ್ಟುಬಿಡು ಎಂದು ಗಂಡ ಹೇಳಿದಾಗ ಅಡ್ಡ ಬಂದವರೂ ಅವರೇ. "ಹೋಗಲಿ ಬಿಡೋ. ಇಬ್ರೂ ದಿನಪೂರ್ತಿ ಮನ್ಯಾಗ ಇದ್ರ ಒಬ್ರನ್ನೊಬ್ರು ಕಚ್ಚಿ ಸಾಯ್ತೀವಿ," ಎಂದರು. ನಾನು ಇವತ್ತಿಗೂ ತಪಾಸಣೆ ವಿಭಾಗದಲ್ಲಿ ಅಳತೆಯ ವರ್ನಿಯರ್ ಹಿಡಿದು ಕೂರುತ್ತಿರುವುದು ಅವರ ಆ ಮಾತಿನಿಂದ. ಪ್ರತಿದಿನ ಡಬ್ಬಿಗೆ ಎರಡು ಜೋಳದ ರೊಟ್ಟಿ, ಒಂದು ಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಟ್ಟವರೂ ಅವರೇ. ಆದರೆ ನನ್ನ ಸೊಂಟ ಆ ಕೈಯನ್ನು ನೆನೆದಷ್ಟೇ ಸಲ ನನ್ನ ಕಿವಿ ಆ ಮಾತನ್ನು ನೆನೆದಿದೆ. ನಾನು ಕ್ಷಮಿಸಲಿಲ್ಲ.

ನಮ್ಮ ಬಾಲ್ಕನಿಯ ಕೆಳಗೆ ಕಾಂಪೌಂಡಿನಾಚೆ ಗೌಡರ ಹೆಂಚಿನ ಮನೆ. ನಮ್ಮ ಕಟ್ಟಡ ನಿಂತಿರುವುದು ಒಂದು ಕಾಲಕ್ಕೆ ಅವರ ರಾಗಿ ಹೊಲವಾಗಿದ್ದ ನೆಲದ ಮೇಲೆಯೇ. ಎಲ್ಲ ಮಾರಿದ ಮೇಲೆ ಮನೆಯನ್ನೂ ಹಿತ್ತಲನ್ನೂ ಉಳಿಸಿಕೊಂಡಿದ್ದರು. ಹಿತ್ತಲಿನ ಮೂಲೆಯಲ್ಲಿ ಅವರ ಹೆಂಡತಿಯ ಸಮಾಧಿ, ಅದರ ತಲೆಯ ಕಡೆ ಒಂದು ನೇರಳೆ ಮರ. ಮಣ್ಣು ಮಾಡಿದ ವರ್ಷ ಗೌಡರೇ ನೆಟ್ಟಿದ್ದರಂತೆ. ನಾವು ಬಂದಾಗ ಅದು ಮೊದಲ ಮಹಡಿಯ ಕಿಟಕಿಯನ್ನೂ ಮುಟ್ಟಿರಲಿಲ್ಲ.

ಅಳತೆ ನನ್ನ ಕಸುಬು. ಮರ ಎಷ್ಟು ಬೆಳೆಯಿತು ಎಂದು ತಿಳಿಯಲು ನಾನು ಹೊರಗೆ ನೋಡುತ್ತಲೇ ಇರಲಿಲ್ಲ, ಅತ್ತೆಯ ಕಾಲಿನ ಕೆಳಗೆ ನೋಡುತ್ತಿದ್ದೆ. ಮೊದಲ ವರ್ಷಗಳಲ್ಲಿ ಒಡೆದ ಹಿಮ್ಮಡಿ ನೆಲಕ್ಕೆ ಊರಿರುತ್ತಿತ್ತು. ಆಮೇಲೆ ಹಿಮ್ಮಡಿ ಎದ್ದಿತು, ತುದಿಗಾಲಿನಲ್ಲಿ ನಿಲ್ಲತೊಡಗಿದರು. ಮುಂದಿನ ಮಳೆಗಾಲ ಕಳೆದ ಮೇಲೆ ಊಟಕ್ಕೆ ಕೂರುವ ಮಣೆ ಬಾಲ್ಕನಿಗೆ ಬಂತು. ಮಣೆಯ ಮೇಲೆ ಮಣೆ ಬಂತು. ಕೊನೆಗೆ ನಾನು ಬಟ್ಟೆ ಒಗೆಯುವಾಗ ಕೂರುವ ಪ್ಲಾಸ್ಟಿಕ್ ಸ್ಟೂಲು ಬಂತು. ಸಕ್ಕರೆ ಕಾಯಿಲೆಯ ಎಪ್ಪತ್ತರ ಹೆಂಗಸು, ಒಂದು ಕೈಯಲ್ಲಿ ಬಟ್ಟೆ ಒಣಹಾಕುವ ತಂತಿ ಹಿಡಿದು ಸ್ಟೂಲಿನ ಮೇಲೆ ನಿಂತು, ಎಲೆಗಳ ಸಂದಿಯಲ್ಲಿ ಗಾಳಿ ಒಂದು ಕ್ಷಣ ಕಿಂಡಿ ಮಾಡಿಕೊಟ್ಟೀತೇ ಎಂದು ಕಾಯುತ್ತಿದ್ದರು. ಎಂಟಕ್ಕೆ ಗುಳಿಗೆ ನುಂಗಿ ತಿಂಡಿ ತಿನ್ನಲೇಬೇಕು ಎಂದು ಡಾಕ್ಟರು ಹೇಳಿದ್ದರು. ಗಾಳಿ ಬೀಸದ ದಿನ ಹನ್ನೊಂದಾದರೂ ಅವರು ನೀರು ಮುಟ್ಟುತ್ತಿರಲಿಲ್ಲ. ಎರಡು ಸಲ ತಲೆ ಸುತ್ತಿ ಬಿದ್ದರು. "ಮ್ವಾಡಿದ್ದ ದಿನಾ ಉಣ್ತೀಯಲ್ಲವ್ವ, ಇದನ್ನೂ ಹಂಗ ಅಂದ್ಕೋ," ಎಂದು ಮಗ ಕೈಮುಗಿದರೆ, "ಮ್ವಾಡ ಶಿವಂದು, ಗಿಡ ಮನಶ್ಯಾಂದು," ಎಂದರು. ಅವರ ಕಡೆ ಎಷ್ಟು ದೊಡ್ಡ ಮರವಾದರೂ ಗಿಡವೇ.

ಗೌಡರೊಂದಿಗೆ ಮೊದಲು ಮರ್ಯಾದೆಯಿಂದಲೇ ಮಾತಾಡಿದರು. ಬಾಲ್ಕನಿಯಿಂದ ಬಗ್ಗಿ, "ಗೌಡ್ರ, ಆ ಗಿಡದ ತಲಿ ಒಂಚೂರು ತಗಸ್ರೀ, ನನಗ ಶಿವಗಂಗಿ ಕಾಣವಲ್ದು," ಎಂದು ಕೇಳಿದರು. ಗೌಡರು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. "ತೆಪ್ಪು ತಿಳ್ಕಬ್ಯಾಡಿ ಅಮ್ಮಾವ್ರೆ. ನಮ್ಮೆಂಗ್ಸು ಅದ್ರ ಬುಡ್ದಾಗೆ ಮಲಗವ್ಳೆ. ಅದುನ್ನ ಕತ್ತರ್ಸು ಅಂದ್ರೆ ಅವಳ ಜಡೆ ಕತ್ತರ್ಸು ಅಂದಂಗಾಯ್ತದೆ."

"ನಿಮ್ಮಾಕಿ ಮಲಗಿದ್ರ ಮಲಗಲಿ. ನನಗೂ ಶಿವಗೂ ಅಡ್ಡ ಯಾಕ ಎದ್ದು ನಿಂತಾಳ?" ಎಂದರು ಅತ್ತೆ.

ಕೆಳಗಿನ ಮನೆಯವರೆಲ್ಲ ಕೇಳಿಸಿಕೊಂಡರು. ಗೌಡರು ಟವೆಲನ್ನು ಮತ್ತೆ ತಲೆಗೆ ಸುತ್ತಿಕೊಂಡು ಒಳಗೆ ಹೋದರು. ಅಲ್ಲಿಯವರೆಗೆ ಪ್ರತಿ ಜೂನಿನಲ್ಲಿ ಒಂದು ಮೊರದ ತುಂಬ ನೇರಳೆ ಹಣ್ಣು ಕಳಿಸುತ್ತಿದ್ದರು, ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂದು ಬೀಜವನ್ನೂ ಒಣಗಿಸಿ ಕೊಡುತ್ತಿದ್ದರು. ಆ ವರ್ಷದಿಂದ ಅದು ನಿಂತಿತು. ಅತ್ತೆ ಕಟ್ಟಡದ ಇತರರನ್ನು ಸೇರಿಸಿಕೊಂಡು ಅರ್ಜಿ ಬರೆಸಿದರು. ಮರದ ಅಧಿಕಾರಿಯೊಬ್ಬರು ಬಂದು ನೋಡಿ, ಖಾಸಗಿ ಜಾಗದ ಆರೋಗ್ಯವಾದ ಮರ, ಮಾಲೀಕರು ಒಪ್ಪದೆ ಕಡಿಯುವಂತಿಲ್ಲ, ಬೆಟ್ಟ ಕಾಣುವುದಿಲ್ಲ ಎಂಬುದು ಕಾರಣವಲ್ಲ ಎಂದು ಹೇಳಿ ಹೋದರು. "ಅಂವಗ ಬೆಟ್ಟ ಅಂದ್ರ ಕಲ್ಲು," ಎಂದು ಅತ್ತೆ ಬಾಗಿಲು ಹಾಕಿಕೊಂಡರು.

ಈಗ ನನ್ನ ಪಾಲಿನದನ್ನು ಹೇಳುತ್ತೇನೆ.

ಬೇಸಿಗೆಯ ರಜೆಯಲ್ಲಿ ನಾನು ತಾರಸಿಯ ಮೇಲೆ ಹಪ್ಪಳ ಒಣಹಾಕುತ್ತಿದ್ದೆ. ತಾರಸಿ ಮರಕ್ಕಿಂತ ಎತ್ತರ. ಮರದ ತಲೆಯ ಆಚೆ, ತುಮಕೂರು ರಸ್ತೆಯ ಪಕ್ಕದ ಬಯಲಿನಲ್ಲಿ ಕಬ್ಬಿಣದ ಕಂಬಗಳು ಏಳುತ್ತಿದ್ದವು. ಒಂದು ವಾರ ಬಿಟ್ಟು ಹೋದಾಗ ಕಂಬಗಳ ಮೇಲೆ ತೊಲೆಗಳಿದ್ದವು. ಮತ್ತೊಂದು ತಿಂಗಳಿಗೆ ನೀಲಿ ತಗಡಿನ ಗೋಡೆ ಎದ್ದಿತ್ತು. ಸಾಮಾನು ತುಂಬಿಡುವ ಗೋದಾಮಂತೆ, ಈ ತುದಿಯಿಂದ ಆ ತುದಿಗೆ ನಡೆದರೆ ಕಾಲು ನೋಯುವಷ್ಟು ಉದ್ದ. ಸರಿಯಾಗಿ ಬೆಟ್ಟದ ಮುಂದೆಯೇ ಕೂತಿತ್ತು. ತಾರಸಿಯಿಂದ ನೋಡಿದರೂ ಬೆಟ್ಟದ ತುದಿಯ ಒಂದು ಉಗುರಿನಷ್ಟು ಮಾತ್ರ ತಗಡಿನ ಮೇಲೆ ಇಣುಕುತ್ತಿತ್ತು. ಎರಡು ಮಹಡಿ ಕೆಳಗಿನ ನಮ್ಮ ಬಾಲ್ಕನಿಯಿಂದ ಅದೂ ಕಾಣುವಂತಿರಲಿಲ್ಲ, ಮರ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಎಲೆಗಳ ಸಂದಿಯಲ್ಲಿ ಅತ್ತೆ ಈಚೆಗೆ ನೋಡಿ ಕೈ ಮುಗಿಯುತ್ತಿದ್ದ ನೀಲಿ ಯಾವುದು ಎಂದು ನನಗೆ ಅವತ್ತು ತಿಳಿಯಿತು.

ಗೌಡರೂ ಅದನ್ನು ಹೇಳಿದ್ದರು. ಅದು ಅವರ ತಮ್ಮ ಮಾರಿದ ನೆಲ. ಒಂದು ಬೆಳಿಗ್ಗೆ ಕೆಳಗಿನಿಂದಲೇ ಕೂಗಿ, "ಮರ ಓದ್ರೂ ಬೆಟ್ಟ ಸಿಕ್ಕಾಕಿಲ್ಲ ಅಮ್ಮಾವ್ರೆ. ಅಲ್ಲಿ ಗೋಡೌನು ಎದ್ದೈತೆ. ಸುಮ್ಕೆ ಅಸ್ಕಂಡು ಯಾಕ್ ಸಾಯ್ತೀರಿ?" ಎಂದರು. ಅತ್ತೆ ನಂಬಲಿಲ್ಲ. ಮರ ಉಳಿಸಿಕೊಳ್ಳಲು ಆಡುವ ಮಾತು ಎಂದುಕೊಂಡರು. ಆದರೂ ಒಳಗೊಂದು ಅಳುಕು ಹುಟ್ಟಿರಬೇಕು. ನಾನು ಡಬ್ಬಿ ಮುಚ್ಚುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತರು.

"ನೀ ಮ್ಯಾಲೆ ಹಪ್ಪಳ ಹಾಕಾಕ ಹೋಗ್ತೀಯಲ್ಲ. ನೋಡಿಯೇನು? ಗೌಡ ಹೇಳೋದು ಖರೇನ?"

ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ನಂಬಿ ಕೇಳಿದ ಪ್ರಶ್ನೆ ಅದೊಂದೇ. ಹೇಳಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಮರ ಉಳಿಯುತ್ತಿತ್ತು. ಅವರು ಅತ್ತು, ಶಿವನಿಗೆ ನಾಲ್ಕು ಬೈದು, ವ್ರತಕ್ಕೆ ಇನ್ನೊಂದು ವಿನಾಯಿತಿ ಹುಡುಕಿಕೊಂಡು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದರು. ನನಗೆ ಆ ಕ್ಷಣ ನೆನಪಾದದ್ದು ಆಸ್ಪತ್ರೆಯಿಂದ ಬಂದ ದಿನ.

"ನಾನು ಗಮನಿಸಿಲ್ಲ ಅತ್ತೆ. ಯಾವಾಗ್ಲೂ ಮಂಜಿರತ್ತೆ," ಎಂದೆ.

ಅವರು ತಲೆಯಾಡಿಸಿದರು. ನಾಲ್ಕು ದಿನ ಬಿಟ್ಟು, "ನಿಮ್ಮ ಫ್ಯಾಕ್ಟ್ರ್ಯಾಗ ಕಬ್ಬಣಕ್ಕ ತೂತ ಹಾಕೋದು ಇರ್ತದಲ್ಲ, ಕೈಲೆ ತಿರುವೋದು, ಅದೊಂದು ತಗೊಂಬಾ," ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ಅಡುಗೆಮನೆಯ ಡಬ್ಬಿಯಲ್ಲಿ ಒಗ್ಗರಣೆಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಗಟ್ಟಿ ಇಂಗು ಬಂದು ಕೂತಿದ್ದನ್ನು ನೋಡಿದ್ದೆ. ಮರಕ್ಕೆ ತೂತು ಕೊರೆದು ಇಂಗು ತುಂಬಿದರೆ ಒಣಗುತ್ತದೆ ಎಂದು ನಮ್ಮ ಕಡೆಯೂ ಹೇಳುತ್ತಾರೆ. ಕಾರ್ಖಾನೆಯ ಗುಜರಿ ಪೆಟ್ಟಿಗೆಯಲ್ಲಿ ಬಿದ್ದಿದ್ದ ಹಳೆಯ ಕೈ ಡ್ರಿಲ್ಲೊಂದನ್ನು ಸೂಪರ್‌ವೈಸರನ್ನು ಕೇಳಿ ತಂದುಕೊಟ್ಟೆ. ತೂತು ಕೊರೆಯುವ ಬಿಟ್ ಮೊಂಡಾಗಿತ್ತು. ಸಾಣೆ ಹಿಡಿಸಿಯೇ ಕೊಟ್ಟೆ.

ಗೌಡರು ಮಗಳ ಊರಿಗೆ ಹೋಗಿದ್ದ ಒಂದು ಸಂಜೆ, ದಾಸವಾಳದ ಕಡ್ಡಿ ಕೇಳುವ ನೆಪದಲ್ಲಿ ಅತ್ತೆ ಆ ಹಿತ್ತಲಿಗೆ ಹೋದರು. ಕೆಲಸದವಳು ಬಾಗಿಲಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದಳಂತೆ. ವಾಪಸ್ಸು ಬಂದಾಗ ಅವರ ಸೀರೆಯ ಮಡಿಲಲ್ಲಿ ಮರದ ಹೊಟ್ಟಿತ್ತು, ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಕೈ ತೊಳೆದರೂ ಇಂಗಿನ ವಾಸನೆ ಹೋಗಲಿಲ್ಲ. ನಾನು ಬೊಬ್ಬೆಗೆ ಕೊಬ್ಬರಿ ಎಣ್ಣೆ ಹಚ್ಚಿದೆ.

ಇಂಗಿನಿಂದ ಮರ ಸಾಯುತ್ತದೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಅದೇ ಸಮಯಕ್ಕೆ ನಮ್ಮ ಕಟ್ಟಡದ ಚರಂಡಿ ರಿಪೇರಿಗೆಂದು ಕಾಂಪೌಂಡಿನ ಉದ್ದಕ್ಕೂ ಅಗೆದು, ಆ ಕಡೆಯ ಬೇರುಗಳನ್ನೆಲ್ಲ ಕತ್ತರಿಸಿದ್ದರು. ಅಂತೂ ಮಳೆಗಾಲದಲ್ಲೇ ನೇರಳೆಯ ಎಲೆ ಹಳದಿಯಾಗತೊಡಗಿತು. ಅತ್ತೆ ಪ್ರತಿ ಬೆಳಿಗ್ಗೆ ಸ್ಟೂಲಿನ ಮೇಲೆ ನಿಂತು ಹಳದಿ ಎಲೆಗಳನ್ನು ನೋಡಿ ಬರುತ್ತಿದ್ದರು. ಮುಖದಲ್ಲಿ ಕಳೆ ಇತ್ತು.

ಮಹಾಲಯ ಅಮಾವಾಸ್ಯೆಯ ದಿನ ಗೌಡರು ಹೆಂಡತಿಗೆ ಎಡೆ ಇಡಲು ಮರದ ಬುಡಕ್ಕೆ ಬಂದರು. ನಾನು ಬಾಲ್ಕನಿಯಲ್ಲಿದ್ದೆ. ಬಾಳೆಎಲೆ ಹಾಸಲು ಬಗ್ಗಿದವರು ಹಾಗೇ ನಿಂತುಬಿಟ್ಟರು. ಎರಡು ಸಲ ಮೂಗೆಳೆದರು. ಬುಡದ ಹುಲ್ಲನ್ನು ಸರಿಸಿ, ತೂತು ಮುಚ್ಚಿದ್ದ ಹಸಿ ಮಣ್ಣನ್ನು ಬೆರಳಿನಿಂದ ಕೆದಕಿ ತೆಗೆದರು. ಒಳಗಿನದನ್ನು ಕಡ್ಡಿಯಲ್ಲಿ ಮೀಟಿ ಅಂಗೈಗೆ ಹಾಕಿಕೊಂಡು ನಮ್ಮ ಬಾಲ್ಕನಿಯತ್ತ ತಲೆ ಎತ್ತಿದರು. ನಾನು ಒಳಗೆ ಸರಿದೆ.

ಐದು ನಿಮಿಷದಲ್ಲಿ ಬೆಲ್ ಆಯಿತು. ಗೌಡರ ಕೈಯಲ್ಲಿ ಬಾಳೆಎಲೆಯ ಸಣ್ಣ ಪೊಟ್ಟಣ. ಏದುಸಿರು ಬಿಡುತ್ತಿದ್ದರು. ಅತ್ತೆಯೇ ಬಾಗಿಲಿಗೆ ಹೋದರು.

"ಇದು ನಿಮ್ಮನೇದು ಅಮ್ಮಾವ್ರೆ, ನಮ್ಮಿತ್ಲಾಗೆ ಬಿದ್ದಿತ್ತು. ಒಳ್ಳೆ ಇಂಗು. ಒಗ್ಗರಣೆಗಾಯ್ತದೆ, ಮಡೀಕಳಿ."

ಅತ್ತೆ ಕೈ ನೀಡಿ ತೆಗೆದುಕೊಂಡರು. "ಛಲೋ ಆತ್ರಿ," ಎಂದರು. ಬಾಗಿಲು ಹಾಕಿ ಅಡುಗೆಮನೆಗೆ ಬಂದು, ನನ್ನ ಕಣ್ಣೆದುರೇ ಆ ಇಂಗಿನ ಮಣ್ಣು ತೊಳೆದು, ಅವತ್ತಿನ ಸಾರಿಗೆ ಒಗ್ಗರಣೆ ಹಾಕಿದರು. ಆ ಸಾರನ್ನು ಮೂವರೂ ಉಂಡೆವು. ಗಂಡ ಮಾತ್ರ ಏನೂ ತಿಳಿಯದೆ ಎರಡು ಸಲ ಬಡಿಸಿಕೊಂಡರು.

ಗೌಡರು ದೂರು ಕೊಡಲಿಲ್ಲ. ತೂತಿಗೆ ಸಗಣಿ ಮೆತ್ತಿದರು, ಬುಡಕ್ಕೆ ಗೊಬ್ಬರ ಹಾಕಿದರು. ಸಂಕ್ರಾಂತಿಯ ಹೊತ್ತಿಗೆ ಮರ ಪೂರ್ತಿ ಒಣಗಿತು. ಕೊಂಬೆ ಬಿದ್ದು ಹೆಂಚು ಒಡೆಯುತ್ತದೆ ಎಂದು ಅವರೇ ಅನುಮತಿ ಪಡೆದು ಕಡಿಸಿದರು. ಆ ದಿನ ಅತ್ತೆ ಹೋಳಿಗೆ ಮಾಡಿಸಿದರು. ಗರಗಸದ ಸದ್ದು ಕೇಳುತ್ತಲೇ ನಾನು ಹೂರಣ ರುಬ್ಬಿದೆ. ಇಳಕಲ್ ಸೀರೆ ಉಟ್ಟು, ವಿಭೂತಿ ಇಟ್ಟು, ಅವರು ಬಾಲ್ಕನಿಯ ಒಳಬಾಗಿಲಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಮರ ಬಿದ್ದ ಮೇಲೆಯೇ ಕಣ್ಣು ತೆರೆಯುವುದಂತೆ. ನಾನು ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಬಂದು ಅವರ ಪಕ್ಕ ನಿಂತೆ. ಅವರ ಮುಖ ನೋಡಬೇಕಾಗಿತ್ತು ನನಗೆ. ಅದಕ್ಕಾಗಿಯೇ ಎಂಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ.

ನೆಲ ಅದುರಿತು. ಬಾಲ್ಕನಿಗೆ ಒಮ್ಮೆಲೇ ಬೆಳಕು ನುಗ್ಗಿತು. ಅತ್ತೆ ಎದ್ದು ಮುಂದೆ ಹೋದರು. ಸ್ಟೂಲು ಬೇಕಾಗಲಿಲ್ಲ. ಹಿಮ್ಮಡಿಗಳು ನೆಲಕ್ಕೆ ಊರಿದ್ದವು, ಕೈ ಹುಬ್ಬಿನ ಮೇಲಿತ್ತು. ಎದುರಿಗೆ ಉದ್ದಕ್ಕೂ ನೀಲಿ ತಗಡು, ಅದರ ಮೇಲೆ ಬಿಸಿಲು. ಬೆಟ್ಟವಿಲ್ಲ. ಅವರು ನೋಡಿದರು. ತುಂಬ ಹೊತ್ತು ನೋಡಿದರು. ಕೆಳಗೆ ಗೌಡರು ಟೊಂಗೆಗಳ ನಡುವೆ ನಿಂತು ತಲೆಯೆತ್ತಿ ಕಾಯುತ್ತಿದ್ದರು. ಮೇಲೆ ನಾನು ಕಾಯುತ್ತಿದ್ದೆ.

ಅತ್ತೆ ಎರಡೂ ಕೈಯೆತ್ತಿ ಮುಗಿದರು. ಗಲ್ಲ ಗಲ್ಲ ಬಡಿದುಕೊಂಡರು. "ಕಾಣ್ತು," ಎಂದರು. ಒಳಗೆ ಬಂದು ಪೂಜೆ ಮಾಡಿ, ಬಡಿಸಿದ ಎರಡು ಹೋಳಿಗೆಯನ್ನು ತುಪ್ಪ ಹಾಕಿಸಿಕೊಂಡು ತಿಂದರು.

ನನಗೆ ಸೋತಂತಾಯಿತು. ಕಣ್ಣಿನ ಪೊರೆಯಿಂದಾಗಿ ತಗಡಿನ ನೀಲಿಯನ್ನೇ ಬೆಟ್ಟ ಎಂದುಕೊಂಡರೋ ಏನೋ ಎಂದು ಅನುಮಾನ ಬಂತು. ಅದನ್ನು ಪರೀಕ್ಷಿಸುವ ಕೆಲಸವನ್ನು ಗೌಡರು ಹಿಡಿದುಕೊಂಡರು. ಮರುದಿನ ಬೆಳಿಗ್ಗೆ ಅತ್ತೆ ಬಾಲ್ಕನಿಗೆ ಬಂದ ಕೂಡಲೇ ಕೆಳಗಿನಿಂದ ದನಿ ಬಂತು: "ಅಮ್ಮಾವ್ರೆ, ಬೆಟ್ಟ ಕಾಣ್ತೈತಾ?"

"ಕಾಣತೈತಿ ಗೌಡ್ರ, ಚೆಂದ ಕಾಣತೈತಿ."

ಅದರ ಮರುದಿನವೂ ಕೇಳಿದರು. ಅದರ ಮರುದಿನವೂ ಕೇಳಿದರು. ಒಂದು ದಿನವೂ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಟವೆಲ್ ಹೆಗಲಿಗೆ ಹಾಕಿಕೊಂಡು ಮರ್ಯಾದೆಯಿಂದಲೇ ಕೇಳುತ್ತಿದ್ದರು. ಅಕ್ಕಪಕ್ಕದ ಬಾಲ್ಕನಿಗಳಲ್ಲಿ ಬ್ರಷ್ ಮಾಡುತ್ತ ನಿಂತವರು ಗೋದಾಮನ್ನೂ ಅತ್ತೆಯನ್ನೂ ನೋಡಿ ಬಾಯೊಳಗೇ ನಗುತ್ತಿದ್ದರು. ಎರಡು ವರ್ಷ, ಅತ್ತೆ ಬಾಲ್ಕನಿಗೆ ಬಂದ ದಿನ ಒಂದನ್ನೂ ತಪ್ಪಿಸದೆ ಆ ಪ್ರಶ್ನೆ ಬಂತು. ಒಂದನ್ನೂ ತಪ್ಪಿಸದೆ ಆ ಉತ್ತರ ಹೋಯಿತು. ಕೆಲವು ದಿನ ಅತ್ತೆ ವಿವರವನ್ನೂ ಸೇರಿಸುತ್ತಿದ್ದರು. "ಇವತ್ತ ಬಸವಣ್ಣನ ಕೊಂಬು ಸೈತ ಕಾಣತೈತ್ರಿ," ಎಂದ ದಿನ ನನ್ನ ಕೈಯಲ್ಲಿದ್ದ ಲೋಟ ಜಾರಿತ್ತು. ಮೋಡ ಮುಸುಕಿದ ದಿನ ಮಾತ್ರ ಅವರು ಕಾಣುವುದಿಲ್ಲ ಎಂದು ಪ್ರಾಮಾಣಿಕವಾಗಿ ಹೇಳುತ್ತಿದ್ದರು.

ಕೊನೆಯ ಚಳಿಗಾಲದಲ್ಲಿ ಕಿಡ್ನಿ ಕೈಕೊಟ್ಟು ಹಾಸಿಗೆ ಹಿಡಿದರು. ಆಗ ಬಾಲ್ಕನಿಯ ಪಕ್ಕದ ಕೋಣೆಯಲ್ಲೇ ಮಲಗಿಸಿದ್ದೆವು. ಕೆಳಗಿನಿಂದ ಪ್ರಶ್ನೆ ಬಂದರೆ ನನ್ನತ್ತ ಕೈ ಮಾಡಿ, "ಹೋಗು, ಕಾಣತೈತಿ ಅಂತ ಹೇಳು," ಎನ್ನುತ್ತಿದ್ದರು. ನಾನು ಹೋಗಿ ಹೇಳಿ ಬರುತ್ತಿದ್ದೆ. ಆಮೇಲೆಯೇ ಅವರು ಗಂಜಿಗೆ ಬಾಯಿ ತೆರೆಯುತ್ತಿದ್ದುದು.

ಅಂಥ ಒಂದು ಬೆಳಿಗ್ಗೆ, ನಾನು ಚಮಚ ಎತ್ತಿದಾಗ ಅವರು ನನ್ನ ಮಣಿಕಟ್ಟು ಹಿಡಿದರು.

"ನೀ ಹಪ್ಪಳ ಹಾಕಾಕ ಹೋದಾಗ ನೋಡಿದ್ದಿ."

ನಾನು ಚಮಚವನ್ನು ಬಟ್ಟಲಿಗೆ ಇಳಿಸಿದೆ.

"ನೋಡಿದ್ದಿ. ನಾ ಕೇಳಿದ್ರೂ ಹೇಳ್ಲಿಲ್ಲ. ಬಿಟ್ಟಿಗೆ ಸಾಣಿ ಹಿಡಿಸಿ ತಂದುಕೊಟ್ಟಿ."

"ನಿಮಗೆ ಅದು ಯಾವಾಗ ಗೊತ್ತಾಯ್ತು ಅತ್ತೆ?"

"ಗಿಡ ಬಿದ್ದ ದಿನ. ನಾ ಆ ಕಡೆ ನೋಡಾಕತ್ತಿದ್ದೆ, ನೀ ನನ್ನ ಮಾರಿ ನೋಡಾಕತ್ತಿದ್ದಿ."

ನನಗೆ ಅಳು ಬಂತು. ಕ್ಷಮಿಸಿ ಎಂದೆನೋ ಏನೋ, ಅಥವಾ ಹಾಗೆ ಹೇಳಬೇಕೆಂದು ಬಾಯಿ ತೆರೆದೆ. ಅವರಿಗೆ ಅದು ಬೇಕಾಗಿರಲಿಲ್ಲ. ಮಣಿಕಟ್ಟಿನ ಹಿಡಿತ ಸಡಿಲಿಸದೆ, "ಅಳಬ್ಯಾಡ. ನಿನ್ನ ಜಾಗದಾಗ ನಾ ಇದ್ರೂ ಹೇಳ್ತಿದ್ದಿಲ್ಲ," ಎಂದರು. ಅವರ ಬಾಯಿಂದ ನನಗೆ ಸಿಕ್ಕ ಹೊಗಳಿಕೆ ಅದೊಂದೇ. ಆಮೇಲೆ ಗಂಜಿಯನ್ನು ಒಂದು ಗುಟುಕು ಚಪ್ಪರಿಸಿ, "ಕೈ ತೊಳದ ನೀರು," ಎಂದು ಮುಖ ತಿರುಗಿಸಿದರು. ಮಗನಿಗೆ ಈ ವಿಷಯವನ್ನು ಅವರು ಹೇಳಿರಲಿಲ್ಲ, ಕೊನೆಗೂ ಹೇಳಲಿಲ್ಲ. ಒಂದು ಮಾತು ಹೇಳಿದ್ದರೆ ಈ ಮನೆಯಲ್ಲಿ ನನ್ನ ಬಾಳು ಬೇರೆಯಾಗುತ್ತಿತ್ತು. ಹೇಳದೆ ಉಳಿಸಿದ್ದರು. ಆ ಋಣ ಹೇಗೆ ತೀರಿಸುವುದೋ ನನಗೆ ತಿಳಿಯದು.

ಹನ್ನೆರಡು ದಿನಗಳ ನಂತರ ಹೋದರು. ನಮ್ಮಲ್ಲಿ ಕೂರಿಸಿಯೇ ಮಣ್ಣು ಮಾಡುವುದು. ರುದ್ರಭೂಮಿಯ ಗುಂಡಿಯಲ್ಲಿ ಅವರನ್ನು ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು, ವಿಭೂತಿ, ಬಿಲ್ವಪತ್ರೆ ತುಂಬಿದರು. ಗೌಡರು ಬಂದಿದ್ದರು. ಹಿಂದೆ ನಿಂತಿದ್ದವರು ಎಲ್ಲರಾದ ಮೇಲೆ ಮುಂದೆ ಬಂದು ಒಂದು ಹಿಡಿ ಮಣ್ಣು ಹಾಕಿದರು. ಹೆಂಡತಿಯ ಮರವನ್ನು ಕೊಂದವಳಿಗೆ ಹಾಕುವ ಮಣ್ಣನ್ನು ಅವರು ಯಾಕೋ ಬೆರಳಿನಲ್ಲಿ ಪುಡಿ ಮಾಡಿ, ಕಲ್ಲು ಆರಿಸಿ ತೆಗೆದು ಹಾಕಿದರು.

ಕಾರ್ಯವೆಲ್ಲ ಮುಗಿದು ನಾನು ಮತ್ತೆ ಕೆಲಸಕ್ಕೆ ಹೊರಡುವ ಮೊದಲ ಬೆಳಿಗ್ಗೆ, ಒದ್ದೆ ಟವೆಲ್ ಹಾಕಲು ಬಾಲ್ಕನಿಗೆ ಹೋದೆ. ಸ್ಟೂಲು ಮೂಲೆಯಲ್ಲಿತ್ತು. ಕೆಳಗೆ ಗೌಡರು ಸಮಾಧಿಯ ತಲೆಯ ಕಡೆ ಹೊಸದೊಂದು ನೇರಳೆ ಸಸಿ ನೆಟ್ಟು ನೀರು ಹಾಕುತ್ತಿದ್ದರು. ನನ್ನನ್ನು ನೋಡಿ ಚೊಂಬು ಕೆಳಗಿಟ್ಟರು. ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಇನ್ನೇಕೆ ಕೇಳುತ್ತಾರೆ ಎಂದುಕೊಂಡೆ. ಕೇಳಿದರು.

"ತಾಯೀ, ಬೆಟ್ಟ ಕಾಣ್ತೈತಾ?"

ಬಿಸಿಲಿಗೆ ತಗಡು ಹೊಳೆಯುತ್ತಿತ್ತು. ಇಲ್ಲ ಎಂದರೆ ಈಗ ಯಾರಿಗೂ ನಷ್ಟವಿರಲಿಲ್ಲ. ನಾನು ಹುಬ್ಬಿನ ಮೇಲೆ ಕೈ ಇಟ್ಟು ಆ ಕಡೆ ನೋಡಿದೆ.

"ಕಾಣತೈತಿ ಗೌಡ್ರ, ಚೆಂದ ಕಾಣತೈತಿ," ಎಂದೆ. ತುಮಕೂರಿನವಳ ಬಾಯಲ್ಲಿ ಹಾವೇರಿಯ ಮಾತು.

ಗೌಡರು ತಲೆಯಾಡಿಸಿ, ಬಗ್ಗಿ, ಚೊಂಬಿನಲ್ಲಿ ಉಳಿದ ನೀರನ್ನು ಸಸಿಗೆ ಸುರಿದರು. ನಾನು ಒಳಗೆ ಬಂದು ಕಾಫಿ ಕುಡಿದೆ. ಅವರು ದಿನಾ ಕೇಳುತ್ತಾರೆ, ನಾನು ದಿನಾ ಹೇಳುತ್ತೇನೆ. ಅದಾಗುವವರೆಗೆ ನನಗೂ ಈಗ ಬಾಯಿಗೆ ಏನನ್ನೂ ಹಾಕಲು ಆಗುವುದಿಲ್ಲ.